ಈಗ ಮೊದಲು ನಿದ್ದೆ ಬಗ್ಗೆ ಕೇಳುತ್ತೇನೆ

ಪೀಣ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕೌನ್ಸೆಲರ್. ಸೇರಿದ ಹೊಸದರಲ್ಲಿ ಬ್ಯಾಗ್ ಜಾಲಾಡುವುದೇ ನನ್ನ ಕೆಲಸ ಅನ್ನುವ ಹಾಗಿತ್ತು. ಬೀಡಿಯೋ ತಂಬಾಕಿನ ಪೊಟ್ಟಣವೋ ಸಿಕ್ಕರೆ ಮನೆಯವರನ್ನು ಕರೆಸಿ ಒಂದು ವಾರ ಸಸ್ಪೆಂಡ್. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನನ್ನೂ ಹಾಗೇ ಕಳಿಸಿದೆವು. ಆ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ.

ಅವನ ಮುಷ್ಟಿಯಲ್ಲಿ ಯಾವಾಗಲೂ ಮುದ್ದೆ ಮಾಡಿದ ಒಂದು ಕರ್ಚೀಫ್ ಇರುತ್ತಿತ್ತು. ಮೂಗಿನ ಕೆಳಗಿನ ಚರ್ಮ ಒಣಗಿ ಕೆಂಪಾಗಿತ್ತು. ನೆಗಡಿ ಅಂದುಕೊಂಡಿದ್ದೆವು. ಒಂದು ದಿನ ಪಕ್ಕದಲ್ಲಿ ಹಾದು ಹೋದಾಗ ಸೈಕಲ್ ಶಾಪಿನ ವಾಸನೆ ಬಂತು. ಪಂಕ್ಚರ್ ಸೊಲ್ಯೂಷನ್! ಟ್ಯೂಬು ಅಂಟಿಸುವ ಆ ಗೋಂದನ್ನು ಕರ್ಚೀಫಿಗೆ ಹಾಕಿ ನಶೆಗೆ ಮೂಸುತ್ತಿದ್ದ. ಶಾಲೆಯ 100 ಗಜದೊಳಗೆ ಸಿಗರೇಟು ಮಾರಬಾರದು ಅಂತ 2003ರ ತಂಬಾಕು ಕಾಯ್ದೆ ಹೇಳುತ್ತದೆ. ಸೊಲ್ಯೂಷನ್ ಟ್ಯೂಬಿಗೆ ಆ ಲೆಕ್ಕ ಇಲ್ಲ.

ಸಸ್ಪೆಂಡ್ ಮುಗಿಸಿ ಬಂದಾಗ ಚಟ ಇನ್ನೂ ಜಾಸ್ತಿಯಾಗಿತ್ತು. ಆಗದೇ ಇರುತ್ತಾ? ಅಮ್ಮ ಗಾರ್ಮೆಂಟ್ಸ್‌ಗೆ ಹೋದರೆ ಮನೆ ಖಾಲಿ. ಇಡೀ ದಿನ ಬೀದಿಯಲ್ಲಿ ಬಿಟ್ಟವರು ನಾವೇ ಅಲ್ವಾ?

ಆ ಸಲ ಬೈಯಲಿಲ್ಲ. "ಅದರಿಂದ ನಿಂಗೆ ಏನಾಗುತ್ತೋ?" ಅಂತ ಕೇಳಿದೆ. ತುಂಬ ಹೊತ್ತು ಬೆಂಚಿನ ಅಂಚು ಕೆರೆಯುತ್ತಾ ಕೂತಿದ್ದ.

"ತಲೆ ಸುಮ್ನಾಗುತ್ತೆ ಮಿಸ್."

ಹಳೇ ಟೀಚರುಗಳನ್ನು ವಿಚಾರಿಸಿದೆ. ಮೂರನೇ ಕ್ಲಾಸಿನಿಂದಲೂ ಒಂದೇ ದೂರು: ಕೂತಲ್ಲಿ ಕೂರಲ್ಲ, ಬರೆಯೋದನ್ನ ಅರ್ಧಕ್ಕೆ ಬಿಡ್ತಾನೆ, ಕೈ ಮಾಡ್ತಾನೆ. ಎಲ್ಲರ ಬಾಯಲ್ಲೂ ಅವನು 'ತರ್ಲೆ'. ಕ್ಲಾಸಿನ ಹೊರಗೆ ನಿಲ್ಲಿಸಿ ನಿಲ್ಲಿಸಿಯೇ ಗೇಟಿನ ಹತ್ತಿರದ ದೊಡ್ಡ ಹುಡುಗರ ಸ್ನೇಹವಾಗಿತ್ತು. ಟ್ಯೂಬು ಕೊಟ್ಟವರೂ ಅವರೇ.

ಅವನ ಅಮ್ಮನ ಜೊತೆ ನಾನೂ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್‌ಗೆ ಹೋದೆ. ಆಯಮ್ಮ ಒಂದು ದಿನದ ಸಂಬಳ ಬಿಟ್ಟು ಬಂದಿದ್ದರು. ಎಡಿಎಚ್‌ಡಿ ಅಂತ ಗೊತ್ತಾಯಿತು, ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಮಾತ್ರೆ ಚೀಟಿ ಹಿಡಿದುಕೊಂಡು ಅವರು ಕೇಳಿದ್ದು ಒಂದೇ: "ಮೇಡಂ, ಇದೂ ಒಂದು ಚಟ ಆಗಲ್ವಾ?" ನ್ಯಾಯವಾದ ಪ್ರಶ್ನೆ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ದೊಡ್ಡವರ ಕೈಯಿಂದ ಕೊಟ್ಟರೆ ಈ ಮಾತ್ರೆ ಮುಂದೆ ಚಟಕ್ಕೆ ದಾರಿ ಮಾಡುವುದಿಲ್ಲ. ಎಡಿಎಚ್‌ಡಿಯನ್ನು ಹಾಗೇ ಬಿಟ್ಟರೇ ಅಪಾಯ ಜಾಸ್ತಿ. ಅದರ ಜೊತೆ ಜಗಳ, ಕಳ್ಳತನ, ಸುಳ್ಳು ಸೇರಿಕೊಂಡರಂತೂ ಇನ್ನೂ ಜಾಸ್ತಿ. ಹಾಗಂತ ಚೂಟಿ ಮಕ್ಕಳೆಲ್ಲ ಚಟಕ್ಕೆ ಬೀಳುತ್ತಾರೆ ಅಂತಲ್ಲ, ಸುಮ್ನೆ ಹೆದರಬೇಡಿ.

ಅವತ್ತಿನಿಂದ ನನ್ನ ಪ್ರಶ್ನೆಗಳ ಸಾಲು ಬದಲಾಯಿತು. ಮೊದಲು ನಿದ್ದೆ. ಆಮೇಲೆ ಊಟ, ಸಂಜೆ ಮನೆಯಲ್ಲಿ ಯಾರಿರುತ್ತಾರೆ, ಮೊದಲು ಇಷ್ಟವಾಗಿದ್ದ ಯಾವುದನ್ನ ಬಿಟ್ಟೆ. ಸಿಗರೇಟು, ಸೊಲ್ಯೂಷನ್ ಮಾತು ಕೊನೆಗೆ. ಶುರುವಿನಲ್ಲೇ ಒಂದು ಮಾತು ಹೇಳಿರುತ್ತೇನೆ: "ನೀನು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಜೀವಕ್ಕೆ ಅಪಾಯ ಅಂದ್ರೆ ಮಾತ್ರ ಮನೇಲಿ ಹೇಳ್ತೀನಿ, ಅದೂ ನಿನ್ನ ಮುಂದೆ." ಸೊಲ್ಯೂಷನ್ ಈ ಲೆಕ್ಕಕ್ಕೇ ಬರುತ್ತದೆ. ಮೊದಲ ಸಲ ಎಳೆದಾಗಲೇ ಎದೆ ಬಡಿತ ತಪ್ಪಿ ಪ್ರಾಣ ಹೋಗಬಹುದು.

ಹೀಗೆ ಕೇಳಿದ್ದರಿಂದಲೇ ಮುಂದಿನ ಬೆಂಚಿನ ಒಬ್ಬಳು ಜಾಣೆಯ ವಿಷಯವೂ ಗೊತ್ತಾಯಿತು. ಗಲಾಟೆ ಇಲ್ಲ, ದೂರಿಲ್ಲ. ಪರೀಕ್ಷೆ ಭಯಕ್ಕೆ ರಾತ್ರಿ ಮೂರರವರೆಗೆ ಎಚ್ಚರ, ಅಜ್ಜಿಯ ನಿದ್ದೆ ಮಾತ್ರೆಗೆ ಕೈ ಹಾಕಿದ್ದಳು. ಬ್ಯಾಗ್ ಜಾಲಾಡಿದ್ದರೆ ಏನು ಸಿಗುತ್ತಿತ್ತು, ಜಾಮಿಟ್ರಿ ಬಾಕ್ಸು.

ತಾಯಂದಿರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ದುಡ್ಡಿಲ್ಲ, ರಾತ್ರಿಯೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹುಡುಗ ಈಗ ಹತ್ತನೇ ಕ್ಲಾಸು. ಈ ವರ್ಷ ಎರಡು ಸಲ ಜಾರಿದ. ಮೊದಲನೇ ಸಲ ನಾನು ಹಿಡಿದೆ. ಎರಡನೇ ಸಲ ಬೆಲ್ ಹೊಡೆಯುವ ಮುಂಚೆ ತಾನೇ ರೂಮಿಗೆ ಬಂದು, ಕರ್ಚೀಫನ್ನು ಟೇಬಲ್ ಮೇಲಿಟ್ಟು, ಏನೂ ಮಾತಾಡದೆ ಕೂತ. ನಾನು ಕಿಟಕಿ ತೆಗೆದೆ.