ತುಳಿಯುವ ಹೊಲಿಗೆ ಮಿಷನ್: ಹಳೆಯದನ್ನು ಆರಿಸುವುದು, ಓಡುವಂತೆ ಇಟ್ಟುಕೊಳ್ಳುವುದು

ಹಳೆಯ ಮಿಷನ್ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಅದರ ಮೈಮೇಲಿನ ಚಿನ್ನದ ಬಣ್ಣದ ಹೂಬಳ್ಳಿಯ ಮೇಲೆ. ಅದು ಹೊಲಿಯುವುದಿಲ್ಲ. ಬಣ್ಣ ಹೋಗಿ, ಧೂಳು ಮೆತ್ತಿ, ಚಕ್ರ ಅಲುಗಾಡದ ಮಿಷನ್ ಕೂಡ ಒಂದು ವಾರದಲ್ಲಿ ಹಗುರಾಗಿ ಓಡಬಹುದು. ಹೊಳೆಯುವ ಮಿಷನ್ನಿನಲ್ಲಿ ಶಟಲ್ (ಮೇಲಿನ ದಾರವನ್ನು ಅಡಿಯ ದಾರಕ್ಕೆ ಹೆಣೆಯುವ ಭಾಗ) ಇಲ್ಲದಿದ್ದರೆ ತಿಂಗಳುಗಟ್ಟಲೆ ಹುಡುಕಾಟ. ಹಾಗಾಗಿ ಮೊದಲು ನೋಡಬೇಕಾದದ್ದು ಭಾಗಗಳೆಲ್ಲ ಇವೆಯೇ ಎಂದು. ಅಂದದ ಮಾತು ಆಮೇಲೆ.

ಕೈಚಕ್ರವನ್ನು ನಿಮ್ಮ ಕಡೆಗೆ ನಿಧಾನವಾಗಿ ತಿರುಗಿಸಿ, ಸೂಜಿ ಪೂರ್ತಿ ಇಳಿದು ಮೇಲೆ ಬರಲಿ. ಸುತ್ತಿನ ಉದ್ದಕ್ಕೂ ಒಂದೇ ಸಮನೆ ಬಿಗಿಯಾಗಿದ್ದರೆ ಅದು ಒಣಗಿ ಅಂಟಾದ ಹಳೆಯ ಎಣ್ಣೆ. ಹೆದರಬೇಕಿಲ್ಲ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಟಕ್ ಎಂದು ನಿಂತರೆ ಶಟಲಿನ ಜಾಗದಲ್ಲಿ ದಾರ ಸಿಕ್ಕಿಕೊಂಡಿರಬಹುದು, ಇಲ್ಲವೇ ಒಳಗೆ ಏನೋ ಬಾಗಿರಬಹುದು. ಮುಚ್ಚಳದ ತಗಡು ಸರಿಸಿ, ದಾರ ತೆಗೆದು ಮತ್ತೆ ತಿರುಗಿಸಿ. ಆಗಲೂ ನಿಂತರೆ ಬಿಟ್ಟುಬಿಡಿ. ಸೂಜಿ ಕಂಬಿಯನ್ನು ಬೆರಳಲ್ಲಿ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಡುತ್ತಿದ್ದರೆ ಸವೆದಿದೆ. ಬಟ್ಟೆಯನ್ನು ಒತ್ತಿಹಿಡಿಯುವ ಪಾದದ ಕೆಳಗಿನ, ಬಟ್ಟೆ ಸರಿಸುವ ಹಲ್ಲುಗಳ ಮೇಲೆ ಉಗುರು ಎಳೆದಾಗ ತಡೆಯಬೇಕು.

ಅಡಿಯ ದಾರ ಸುತ್ತುವ ಬಾಬಿನ್ ಯಾವ ಜಾತಿಯದೆಂದು ಕೊಳ್ಳುವ ಮುಂಚೆಯೇ ತಿಳಿದುಕೊಳ್ಳಿ. ಸಿಂಗರ್ ಕಂಪನಿಯ ಕ್ಲಾಸ್ 15 ಮಾದರಿಯನ್ನು ಹಲವು ದೇಶಗಳ ಹಲವು ಕಂಪನಿಗಳು ನಕಲು ಮಾಡಿದವು. ಆದ್ದರಿಂದ ಅದರ ದುಂಡು ಬಾಬಿನ್, ಬಾಬಿನ್ ಕೇಸ್, ಶಟಲ್ ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಮೊದಲ ಮಿಷನ್ ಆಗಿ ಇದೇ ಒಳ್ಳೆಯದು. ಕ್ಲಾಸ್ 27, 28, 127ರಂಥವುಗಳಲ್ಲಿ ಕಡ್ಡಿಯಂಥ ಉದ್ದ ಬಾಬಿನ್, ದೋಣಿಯಾಕಾರದ ಶಟಲ್. ಹೊಲಿಗೆ ಸೊಗಸಾಗಿ ಬರುತ್ತದೆ, ಆದರೆ ಶಟಲ್ ಕಳೆದಿದ್ದರೆ ಕಷ್ಟ. ಶಟಲ್ ಇದೆಯೆಂದು ಮಾತಿನಲ್ಲಿ ನಂಬದೆ ಹೊರತೆಗೆದು ನೋಡಿ: ಮೊನೆ ಮುರಿದಿರಬಾರದು, ಮೈಯಲ್ಲಿ ತುಕ್ಕಿನ ಗುಳಿ ಇರಬಾರದು. ಕ್ಲಾಸ್ 66ರ ಬಾಬಿನ್ 15ರದರಂತೆಯೇ ಕಂಡರೂ ಅದರ ಎರಡೂ ಬದಿ ಸ್ವಲ್ಪ ಉಬ್ಬಿರುತ್ತವೆ. ಒಂದರ ಬದಲು ಇನ್ನೊಂದು ಹಾಕಿದರೆ ದಾರ ಎಳೆದಾಡುತ್ತದೆ.

ಇನ್ನು ಸ್ಟ್ಯಾಂಡು. ಎರಕದ ಕಬ್ಬಿಣದ ಕಾಲಿನಲ್ಲಿ ಬಿರುಕಿದೆಯೇ ಎಂದು ಬೆಳಕು ಹಾಯಿಸಿ ನೋಡಿ. ಎರಕಕ್ಕೆ ಬೆಸುಗೆ ಹಾಕುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ದೊಡ್ಡ ಚಕ್ರವನ್ನು ಬೆಲ್ಟಿಲ್ಲದೆ ತಿರುಗಿಸಿಬಿಟ್ಟರೆ ಅದು ತೂಗಾಡದೆ ಕೆಲವು ಸುತ್ತು ತಾನಾಗಿ ಓಡಬೇಕು. ತಲೆ, ಅಂದರೆ ಹೊಲಿಯುವ ಮೇಲ್ಭಾಗ, ಒಂದು ಕಡೆ, ಸ್ಟ್ಯಾಂಡು ಇನ್ನೊಂದು ಕಡೆ ಕೊಳ್ಳುವುದಾದರೆ ಅಳತೆ ಹಿಡಿಯಿರಿ. ಪೂರ್ಣ ಗಾತ್ರದ ತಲೆಯ ತಳ ಸುಮಾರು 37 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ, ಮುಕ್ಕಾಲು ಗಾತ್ರದ ಕೈಮಿಷನ್ ತಲೆ ಆ ಗುಳಿಯಲ್ಲಿ ಕೂರುವುದಿಲ್ಲ. ಕೈಚಕ್ರದಲ್ಲಿ ಬೆಲ್ಟು ಕೂರುವ ತೋಡು ಇರಲೇಬೇಕು. ಕ್ಲಾಸ್ 15ರಲ್ಲೇ 15-91 ಎಂಬುದು ಮೋಟಾರು ಗೇರಿನಿಂದ ಓಡುವಂಥದ್ದು, ಅದಕ್ಕೆ ಬೆಲ್ಟು ಹಾಕಲು ಬರುವುದಿಲ್ಲ.

ಮನೆಗೆ ತಂದ ಮೇಲೆ ಮೊದಲು ಬೆಲ್ಟು ಕಳಚಿ. ತಲೆ ಹತ್ತು ಕಿಲೋಗೂ ಹೆಚ್ಚು ತೂಗುತ್ತದೆ, ಹಿಂದಕ್ಕೆ ಮಲಗಿಸುವಾಗ ಕೈ ಬಿಡಬೇಡಿ. ಹಿಂಬದಿಯ ಕೀಲುಗಳ ಸ್ಕ್ರೂ ಬಿಗಿಯಾಗಿದೆಯೇ ಎಂದು ಮೊದಲೇ ನೋಡಿ. ಅಂಟಾದ ಕೀಲುಗಳಿಗೆಲ್ಲ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಆಡಿಸಿ. ಬಲ ಹಾಕಬೇಡಿ, ಬಿಡದಿದ್ದರೆ ಮತ್ತೊಂದು ದಿನ ಕಾಯಿರಿ. ಬಿಟ್ಟುಕೊಂಡ ಮೇಲೆ ಕಪ್ಪು ಕೊಳೆ ಒರೆಸಿ, ಕೂಡಲೇ ಎಣ್ಣೆ ಹಾಕಿ. ಸೀಮೆಎಣ್ಣೆ ಕೊಳೆಯನ್ನು ಕರಗಿಸುತ್ತದೆ ಅಷ್ಟೆ, ಸವೆತ ತಡೆಯುವುದಿಲ್ಲ. ಹೊರಮೈಗೆ ಸ್ಪಿರಿಟ್ ತಾಗಿಸಬೇಡಿ, ಹಳೆಯ ಅರಗಿನ ಮೆರುಗು ಕರಗಿ ಹೂಬಳ್ಳಿ ಬಟ್ಟೆಗೇ ಬಂದುಬಿಡುತ್ತದೆ. ಮಿಷನ್ ಎಣ್ಣೆಯನ್ನೇ ಹತ್ತಿಗೆ ಹಚ್ಚಿ ಒರೆಸಿದರೆ ಸಾಕು.

ಎಣ್ಣೆ ಎಂದರೆ ತಿಳಿಯಾದ ಮಿಷನ್ ಎಣ್ಣೆ ಮಾತ್ರ. ಅಡುಗೆ ಎಣ್ಣೆ ಒಣಗಿ ಅಂಟಾಗುತ್ತದೆ, ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ನೀವು ಈಗ ತಾನೇ ಒರೆಸಿ ತೆಗೆದ ಅಂಟು ಬಹುಮಟ್ಟಿಗೆ ಇಂಥದ್ದೇ. ಮೇಲಿನ ಒಂದೊಂದು ರಂಧ್ರಕ್ಕೆ ಒಂದೊಂದು ಹನಿ. ಎಡಗಡೆಯ ಮುಖದ ತಗಡು ಬಿಚ್ಚಿ ಸೂಜಿ ಕಂಬಿಗೆ, ಪಾದದ ಕಂಬಿಗೆ. ತಲೆ ಮಲಗಿಸಿ ಅಡಿಯಲ್ಲಿ ಲೋಹಕ್ಕೆ ಲೋಹ ಉಜ್ಜುವ ಕಡೆಯೆಲ್ಲ. ಶಟಲ್ ಓಡುವ ದಾರಿಗೆ ಒಂದು ಹನಿ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಆಮೇಲೆ ಪೆಡಲ್ ಭಾರ ಎನ್ನುತ್ತಾರೆ. ಪೆಡಲಿನ ಎರಡು ತುದಿ, ಪೆಡಲಿನಿಂದ ಚಕ್ರಕ್ಕೆ ಹೋಗುವ ಕೋಲಿನ ಮೇಲಿನ ಮತ್ತು ಕೆಳಗಿನ ಕೀಲು, ದೊಡ್ಡ ಚಕ್ರದ ನಡು, ಇವೂ ಎಣ್ಣೆ ಕೇಳುತ್ತವೆ. ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಶನ್ ಬಿಲ್ಲೆಗಳಿಗೆ, ಬೆಲ್ಟಿಗೆ ಮಾತ್ರ ಸೋಕಿಸಬಾರದು. ದಿನವಿಡೀ ಹೊಲಿಯುವವರು ದಿನಾ, ಆಗಾಗ ಹೊಲಿಯುವವರು ಎಂಟು ಹತ್ತು ಗಂಟೆ ಕೆಲಸಕ್ಕೊಮ್ಮೆ ಹಾಕಲಿ. ಹಾಕಿದ ಮೇಲೆ ಚಿಂದಿ ಬಟ್ಟೆಯ ಮೇಲೆ ನಾಲ್ಕು ಸಾಲು ಓಡಿಸಿ, ಕಲೆ ಅಲ್ಲೇ ಬೀಳಲಿ.

ಚರ್ಮದ ಬೆಲ್ಟು ಸಾಮಾನ್ಯವಾಗಿ 5 ಮಿ.ಮೀ. ದಪ್ಪ, 72 ಅಂಗುಲ ಉದ್ದದ್ದು ಸಿಗುತ್ತದೆ. ಮೇಜಿನ ಎರಡು ರಂಧ್ರದಲ್ಲಿ ತೂರಿಸಿ, ಕೈಚಕ್ರಕ್ಕೂ ದೊಡ್ಡ ಚಕ್ರಕ್ಕೂ ಸುತ್ತಿ, ಕೈಯಲ್ಲಿ ಎಳೆದು ಹಿಡಿದು ಗುರುತು ಮಾಡಿ. ತುದಿಯನ್ನು ನೇರವಾಗಿ ಕತ್ತರಿಸಿ, ಎರಡೂ ತುದಿಯಿಂದ ಸುಮಾರು 6 ಮಿ.ಮೀ. ಒಳಗೆ ತೂತು ಕೊರೆದು ತಂತಿಯ ಕೊಕ್ಕೆ ಹಾಕಿ ಇಕ್ಕಳದಿಂದ ಮಡಚಿ. ಕೊಕ್ಕೆಯ ಮೊನೆ ಹೊರಗೆ ಚಾಚಿದ್ದರೆ ಸುತ್ತಿಗೊಮ್ಮೆ ಟಿಕ್ ಟಿಕ್ ಎನ್ನುತ್ತದೆ, ಬಟ್ಟೆಯನ್ನೂ ಹಿಡಿಯುತ್ತದೆ. ಬೆಲ್ಟನ್ನು ಬೆರಳಿನಿಂದ ಒತ್ತಿದರೆ ಒಂದು ಸೆಂ.ಮೀ.ನಷ್ಟು ಒಳಸರಿಯಬೇಕು. ಅದಕ್ಕಿಂತ ಬಿಗಿ ಮಾಡಿದರೆ ಕಾಲು ನೋಯುತ್ತದೆ, ಸಡಿಲವಾದರೆ ದಪ್ಪ ಬಟ್ಟೆ ಬಂದಾಗ ಜಾರುತ್ತದೆ. ಹೊಸ ಬೆಲ್ಟು ಕೆಲವೇ ದಿನಗಳಲ್ಲಿ ಹಿಗ್ಗುತ್ತದೆ. ಆಗ ಅರ್ಧ ಅಂಗುಲಕ್ಕಿಂತ ಹೆಚ್ಚು ಕತ್ತರಿಸಬೇಡಿ, ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ.

ತುಳಿತ ಕಲಿಯುವಾಗ ಕೈಚಕ್ರದ ನಡುವಿನ ದೊಡ್ಡ ತಿರುಪು ಸಡಿಲಿಸಿ, ಸೂಜಿ ಓಡದಂತೆ ಮಾಡಿಕೊಳ್ಳಿ. ಕೈಯಿಂದ ಚಕ್ರವನ್ನು ನಿಮ್ಮ ಕಡೆಗೆ ಎಳೆದು, ಅದು ಹೊರಟ ದಿಕ್ಕಿಗೇ ಹಿಮ್ಮಡಿ, ಮುಂಗಾಲು ಸರದಿಯಲ್ಲಿ ಒತ್ತುತ್ತಾ ಹೋಗಿ. ಚಕ್ರ ಹಿಂದಕ್ಕೆ ತಿರುಗಿದರೆ ದಾರ ಶಟಲಿಗೆ ಸುತ್ತಿ ಕಡಿಯುತ್ತದೆ. ಆ ತಿರುಪನ್ನು ಪೂರ್ತಿ ಬಿಚ್ಚಿ ಮತ್ತೆ ಹಾಕಿದಾಗ ಕೈಚಕ್ರ ಸೂಜಿಯಿಂದ ಬಿಡಿಸಿಕೊಳ್ಳದಿದ್ದರೆ, ಅಥವಾ ಬಿಗಿದರೂ ಸೂಜಿ ಓಡದಿದ್ದರೆ, ಒಳಗಿನ ಮೂರು ಕಿವಿಯ ವಾಷರ್ ತಿರುಗುಮುರುಗಾಗಿದೆ. ಒಳಗಡೆಯ ಎರಡು ಸಣ್ಣ ನಾಲಿಗೆ ಹೊರಮುಖವಾಗಿರಲಿ. ಆದರೂ ಸರಿಯಾಗದಿದ್ದರೆ ಅದನ್ನು ಅರ್ಧ ಸುತ್ತು ತಿರುಗಿಸಿ ಹಾಕಿ.

ಹೊಲಿಗೆ ಕೆಟ್ಟಾಗ ಮೊದಲು ಅನುಮಾನಿಸಬೇಕಾದದ್ದು ಸೂಜಿಯನ್ನು. ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಸೂಜಿ ಬಾಗಿದೆ, ಪೂರ್ತಿ ಮೇಲೆ ಕೂತಿಲ್ಲ, ಇಲ್ಲವೇ ತಿರುಗಿದೆ. ಶಟಲಿನ ಮೊನೆ ಸೂಜಿಯ ಯಾವ ಪಕ್ಕದಲ್ಲಿ ಹಾದುಹೋಗುತ್ತದೋ ಆ ಕಡೆಗೆ ಚಪ್ಪಟೆ ಮೈ ಇರಬೇಕು. ದಾರ ಎದುರು ಪಕ್ಕದ ಉದ್ದ ಗೀರಿನ ಕಡೆಯಿಂದ ಕಣ್ಣಿಗೆ ಹೋಗಬೇಕು. ತೆಳು ಹತ್ತಿ ಬಟ್ಟೆಗೆ 11, ಸಾಧಾರಣ ಬಟ್ಟೆಗೆ 14, ಜೀನ್ಸಿಗೆ 16 ಅಥವಾ 18 ನಂಬರಿನ ಸೂಜಿ. ಬಟ್ಟೆಯ ಅಡಿಯಲ್ಲಿ ದಾರ ಗುಂಗುರು ಗುಂಗುರಾದರೆ ಎಲ್ಲರೂ ಬಾಬಿನ್ ಕೇಸನ್ನು ಬೈಯುತ್ತಾರೆ, ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಪಾದ ಎತ್ತಿಟ್ಟು ಮತ್ತೊಮ್ಮೆ ದಾರ ಪೋಣಿಸಿ, ಅದು ಎರಡು ಬಿಲ್ಲೆಗಳ ನಡುವೆ ಕೂರಲಿ. ಪಾದ ಇಳಿಸಿ ಎಳೆದರೆ ಬಿಗಿ ತಿಳಿಯಬೇಕು.

ಬಾಬಿನ್ ಕೇಸನ್ನು ಅದರ ದಾರದಿಂದಲೇ ನೇತಾಡಿಸಿ ನೋಡಿ. ಸುಮ್ಮನಿದ್ದಾಗ ಜಾರಬಾರದು, ಕೈ ಮೆಲ್ಲನೆ ಜಗ್ಗಿದರೆ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ತಿದ್ದುವುದಿದ್ದರೆ ಪಕ್ಕದ ಸಣ್ಣ ಸ್ಕ್ರೂವನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ತಿರುಗಿಸಿ. ಅಕ್ಕಿಕಾಳಿಗಿಂತ ಚಿಕ್ಕದಾದ ಆ ಸ್ಕ್ರೂ ನೆಲಕ್ಕೆ ಬಿದ್ದರೆ ಸಿಗುವುದು ಕಷ್ಟ.