ಮ್ಯಾಟ್ ಬಿಟ್ಟು ಮೆಟ್ಟಿಲು ಹತ್ತಿಸಿದ ಮೇಲೆ ಫಲ ಸಿಕ್ಕಿತು

ಅಗ್ನಿಶಾಮಕ ಮತ್ತು ಆಂಬುಲೆನ್ಸ್ ತಂಡದವರಿಗೆ ಉಸಿರಾಟ ಕಲಿಸುತ್ತೇನೆ ಅಂದಾಗ ಹಿರಿಯ ಅಧಿಕಾರಿಗಳು ನಕ್ಕಿದ್ದರು. ಈಗ ಹೊಸ ಬ್ಯಾಚ್ ಬಂದರೆ ಮೊದಲು ನನ್ನ ಹತ್ತಿರವೇ ಕಳಿಸುತ್ತಾರೆ.

ಶುರುವಿನಲ್ಲಿ ಎಲ್ಲರ ಹಾಗೆಯೇ: ತಣ್ಣನೆಯ ರೂಮು, ಮ್ಯಾಟ್, ಕಣ್ಣು ಮುಚ್ಚಿ ನಿಮಿಷಕ್ಕೆ 6 ಉಸಿರು. ಅಲ್ಲಿ ಹಾರ್ಟ್ ರೇಟ್ ಚೆನ್ನಾಗಿಯೇ ಇಳಿಯುತ್ತಿತ್ತು, ಆದರೆ ಸೈರನ್ ಕೂಗಿದರೆ ಕಲಿತದ್ದು ಒಬ್ಬರಿಗೂ ನೆನಪಿರುತ್ತಿರಲಿಲ್ಲ. ಕೆಲವರಿಗಂತೂ ಕಣ್ಣು ಮುಚ್ಚಿದ ಕೂಡಲೇ ಹಳೆಯ ಅಪಘಾತಗಳೇ ಕಾಣುತ್ತಿದ್ದವು. ಅಂಥವರಿಗೆ ಕಣ್ಣು ತೆರೆದೇ ಮಾಡಿಸಿ. ಹಾರ್ಟ್ ರೇಟ್ ಅಳೆಯುವ ಮಣಿಕಟ್ಟಿನ ಬ್ಯಾಂಡ್‌ಗಳಿಗೆ ಸುರಿದ ದುಡ್ಡು ಪೂರ್ತಿ ದಂಡ, ಗ್ಲೌಸು, ಬೆವರು, ಕೈಯ ಓಡಾಟದಲ್ಲಿ ರೀಡಿಂಗ್ ಎಲ್ಲೆಲ್ಲೋ ಹೋಗುತ್ತದೆ. ಎದೆಗೆ ಕಟ್ಟುವ ಸ್ಟ್ರಾಪ್ ನಾಲ್ಕೈದಿದ್ದರೆ ಸಾಕು, ಸರದಿ ಪ್ರಕಾರ ಕಟ್ಟಿ.

ಆಮೇಲೆ ಎಲ್ಲವನ್ನೂ ಡ್ರಿಲ್ ಒಳಗೇ ತಂದೆ. ಪೂರ್ತಿ ಗೇರ್, ಬೆನ್ನಿಗೆ ಬಿಎ ಸೆಟ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ), ಏದುಸಿರು ಬರುವ ತನಕ ಮೆಟ್ಟಿಲು. ಅಲ್ಲೇ ನಿಲ್ಲಿಸಿ, ಉಸಿರು ಎಳೆದುಕೊಂಡು 'ಹ್ಮ್' ಅಂತ ಗುನುಗುತ್ತಾ ಬಿಡಿಸುತ್ತೇನೆ. ಗುನುಗಿದರೆ ಬಿಡುವ ಉಸಿರು ತಾನಾಗಿ ಉದ್ದವಾಗುತ್ತದೆ, ಎಣಿಸುವ ಗೋಜಿಲ್ಲ. 4-4-4-4 ಬಾಕ್ಸ್ ಉಸಿರಾಟ (ನಾಲ್ಕು ಎಣಿಸುತ್ತಾ ಎಳೆ, ಹಿಡಿ, ಬಿಡು, ಮತ್ತೆ ಹಿಡಿ) ಗಾಡಿಯಲ್ಲಿ ಕೂತಿರುವಾಗ ಸರಿ. ಭಾರದ ಕೆಲಸದಲ್ಲಿ ಮಾತ್ರ ಉಸಿರು ಹಿಡಿಸಲೇಬೇಡಿ, ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ತಲೆನೋವು, ಗಾಬರಿ ಎರಡೂ ಜಾಸ್ತಿಯಾಗುತ್ತವೆ.

ಅಧಿಕಾರಿಗಳ ಬಾಯಿ ಮುಚ್ಚಿಸಿದ್ದು ಸಿಲಿಂಡರಿನ ಗೇಜ್. 6.8 ಲೀಟರಿನ, 300 ಬಾರ್ ಸಿಲಿಂಡರಿನಲ್ಲಿ ಹತ್ತಿರ ಹತ್ತಿರ 2000 ಲೀಟರ್ ಗಾಳಿ, ನಿಮಿಷಕ್ಕೆ 40 ಲೀಟರ್ ಖರ್ಚು ಅಂತ ನಾವೆಲ್ಲ ಲೆಕ್ಕ ಹಾಕುತ್ತೇವೆ ಅಲ್ವಾ, ಗಾಬರಿಬಿದ್ದವನು 60 ದಾಟಿಸುತ್ತಾನೆ. ಎರಡು ಮೂರು ತಿಂಗಳ ಅಭ್ಯಾಸದ ನಂತರ ಅದೇ ಡ್ರಿಲ್‌ನಲ್ಲಿ ನಮ್ಮ ಹುಡುಗರ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತಿದೆ ಎಂದು ಎಚ್ಚರಿಸುವ ಸೀಟಿ ನಾಲ್ಕೈದು ನಿಮಿಷ ತಡವಾಗಿ ಊದತೊಡಗಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ತಣ್ಣೀರನ್ನೂ ನೋಡಿದೆ. ಉಸಿರು ಹಿಡಿದು ಮುಖ ಮುಳುಗಿಸಿದರೆ ಹೃದಯ ಬಡಿತ ಥಟ್ಟನೆ ಇಳಿಯುತ್ತದೆ ನಿಜ, ಆದರೆ ಹೃದಯದ ತೊಂದರೆ ಇರುವವರಿಗೆ ಅಪಾಯ. ಹಾಗಾಗಿ ಕೈಬಿಟ್ಟೆ.

ಶಿಫ್ಟ್ ಮುಗಿದ ಮೇಲೆ ಐದು ನಿಮಿಷ, ಪಾದದಿಂದ ದವಡೆವರೆಗೆ ಒಂದೊಂದೇ ಸ್ನಾಯು ಬಿಗಿಹಿಡಿದು ಸಡಿಲ ಬಿಡುವುದು. ಘಟನೆ ಆದ ಕೂಡಲೇ ಎಲ್ಲರನ್ನೂ ಕೂರಿಸಿ ಮಾತಾಡಿಸುವ ಪದ್ಧತಿಯನ್ನು ನಾನು ನಿಲ್ಲಿಸಿದ್ದೇನೆ. ಒಂದೇ ಸಲದ ಅಂಥ ಡಿಬ್ರೀಫಿಂಗ್‌ನಿಂದ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ತಪ್ಪುವುದಿಲ್ಲ ಎಂದು 2002ರ ಕಾಕ್ರೇನ್ ವಿಮರ್ಶೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಹೇಳಿದೆ. ಮಾತಾಡಬೇಕು ಅನ್ನಿಸಿದವರಿಗೆ ಬಾಗಿಲು ತೆರೆದೇ ಇರುತ್ತದೆ, ಬಲವಂತ ಇಲ್ಲ.

ಮೆಟ್ಟಿಲಲ್ಲಿ ಯಾವ ಗಳಿಗೆಗೆ ನಿಲ್ಲಿಸಬೇಕು ಅನ್ನುವುದು ಇದರ ಜೀವಾಳ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಜೊತೆ ಡ್ರಿಲ್‌ಗೆ ಬಂದವರಿಗೆ ತೋರಿಸುತ್ತೇನೆ. ಸದ್ಯ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವವರ ಜೊತೆ ಶುರುಮಾಡಿದ್ದೇನೆ. ಅವರಿಗೂ ಎದೆ ಬಡಿತ ಏರುತ್ತದೆ, ಆದರೆ ಎದ್ದು ಓಡುವ ಹಾಗಿಲ್ಲ. ಅಲ್ಲಿ ಕಾಲಿನ ಸ್ನಾಯುಗಳಿಂದಲೇ ಆರಂಭಿಸಬೇಕು ಅನ್ನಿಸುತ್ತಿದೆ.