ತೊಳೆದರೆ ಕಳೆದುಹೋಗುವ ಹರಳು

ಗೇಲುಸೈಟ್ ಎಂಬ ಖನಿಜ ಮೊದಲ ಸಲ ಕೈಗೆ ಬಂದಾಗ ಅದನ್ನು ಹಾಳುಮಾಡಿದವನು ನಾನೇ. ಮಹಾರಾಷ್ಟ್ರದ ಲೋಣಾರ್ ಸರೋವರದ ತಳದಿಂದ ತೆಗೆದ ಕೆಸರಿನ ಒಂದು ತುಂಡನ್ನು ಹಿರಿಯರೊಬ್ಬರು ಪರೀಕ್ಷೆಗೆ ಕೊಟ್ಟಿದ್ದರು. ಜಿಗುಟಾದ ಕಪ್ಪು ಮಣ್ಣಿನೊಳಗೆ ಜೋಳದ ಕಾಳಿಗಿಂತ ಚಿಕ್ಕ ಹರಳುಗಳಿದ್ದವು, ಗಾಜಿನಷ್ಟು ತಿಳಿಯಾಗಿ. ರೂಢಿಯಂತೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ ತೊಳೆದು, 105 ಡಿಗ್ರಿಯ ಓವನ್‌ನಲ್ಲಿ ಒಣಗಲು ಇಟ್ಟೆ. ಬೆಳಗ್ಗೆ ತಟ್ಟೆಯಲ್ಲಿದ್ದವು ಸುಣ್ಣದಂತೆ ಬೆಳ್ಳಗಾದ ಚೂರುಗಳು. ಅಂಚುಗಳೆಲ್ಲ ಹಾಗೆಯೇ ಇದ್ದವು, ಬೆರಳು ತಾಕಿಸಿದರೆ ಪುಡಿ. ಎಕ್ಸ್‌ರೇ ಪರೀಕ್ಷೆಯಲ್ಲಿ ಬಂದ ಉತ್ತರ ಕ್ಯಾಲ್ಸೈಟ್, ಅಂದರೆ ಬರೀ ಕ್ಯಾಲ್ಸಿಯಂ ಕಾರ್ಬೊನೇಟ್.

ತಪ್ಪು ಎಲ್ಲಿಯದೆಂದು ತಿಳಿಯಲು ಆ ಹರಳು ಹುಟ್ಟಿದ ಬಗೆಗೇ ಹೋಗಬೇಕಾಯಿತು. ಲೋಣಾರ್‌ನದು ಉಲ್ಕೆ ಬಡಿದು ಆದ ಕುಳಿ. ಅಗಲ ಸುಮಾರು 1.8 ಕಿಲೋಮೀಟರ್. ಬಡಿದದ್ದು ದಖ್ಖನ್ನಿನ ಜ್ವಾಲಾಮುಖಿ ಶಿಲೆಯಾದ ಬಸಾಲ್ಟ್‌ಗೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ಈ ಶಿಲೆಯನ್ನು ನಿಧಾನವಾಗಿ ಸವೆಸಿ ಸೋಡಿಯಂ, ಕ್ಯಾಲ್ಸಿಯಂಗಳನ್ನು ಕೆರೆಗೆ ಇಳಿಸುತ್ತದೆ. ನೀರು ಹೊರಗೆ ಹರಿಯಲು ದಾರಿಯಿಲ್ಲ, ಆವಿಯಾಗಬೇಕು ಅಷ್ಟೇ. ಕ್ಯಾಲ್ಸಿಯಂ ಮೊದಲು ಕಾರ್ಬೊನೇಟಾಗಿ ತಳ ಸೇರುತ್ತದೆ, ಸೋಡ, ಅಂದರೆ ಸೋಡಿಯಂ ಕಾರ್ಬೊನೇಟ್, ಉಳಿದು ದಟ್ಟವಾಗುತ್ತದೆ. ವಿಜಯಪುರದ ಎರೆಹೊಲಗಳಲ್ಲಿ ನೇಗಿಲಿಗೆ ಸಿಗುವ ಸುಣ್ಣದ ಗಂಟುಗಳೂ ತಗ್ಗಿನ ಚೌಳು ಮಣ್ಣೂ ಇದೇ ಸವೆತದ ಮಕ್ಕಳು. ಲೋಣಾರ್‌ನಲ್ಲಿ ಮಾತ್ರ ಬರ ಬಂದು ನೀರು ತೀರಾ ಇಳಿದಾಗ ಸೋಡ ಎಷ್ಟು ದಟ್ಟವಾಗುತ್ತದೆಂದರೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಐದು ನೀರಿನ ಅಣುಗಳನ್ನು ಜೊತೆಗಿಟ್ಟುಕೊಂಡು ಒಂದೇ ಹರಳಾಗಿ ಕಟ್ಟಿಕೊಳ್ಳುತ್ತವೆ. ಅದೇ ಗೇಲುಸೈಟ್. 1826ರಲ್ಲಿ ವೆನೆಜುವೆಲಾದ ಲಗುನಿಲ್ಲಾಸ್‌ನ ಮಾದರಿಗಳನ್ನು ವಿವರಿಸಿದ ಬೂಸೆಂಗೋ, ಫ್ರಾನ್ಸಿನ ರಸಾಯನವಿಜ್ಞಾನಿ ಗೇ-ಲುಸ್ಸಾಕ್ ಅವರ ಹೆಸರನ್ನು ಅದಕ್ಕಿಟ್ಟರು.

ಹರಳಿನ ತೂಕದಲ್ಲಿ ಸುಮಾರು ಶೇಕಡ 30ರಷ್ಟು ನೀರೇ. ಒಣಗಿಸಿದರೆ ಆ ನೀರು ಹೋಗಿ ಹರಳು ಕುಸಿಯುತ್ತದೆ. ಸಿಹಿನೀರಿಗೆ ಹಾಕಿದರೆ ಸೋಡ ಕರಗಿಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಕಣ್ಣುಮುಚ್ಚಿ ಮಾಡುವ ಎರಡು ಕೆಲಸಗಳೇ ಅದಕ್ಕೆ ಎರಡು ಕಂಟಕ.

ಮತ್ತೆ ಕೆಸರು ಕೇಳುವ ಮೊದಲು ಕೈ ಪಳಗಬೇಕಿತ್ತು. ಲೋಣಾರ್ ಅಭಯಾರಣ್ಯ, ಅಲ್ಲಿಂದ ಕಲ್ಲು ಹೆಕ್ಕಿ ತರುವಂತಿಲ್ಲ; ತರಲೂಬಾರದು. ಹಾಗಾಗಿ ಹರಳನ್ನು ನಾನೇ ಬೆಳೆಸಿದೆ. ಬಟ್ಟೆ ಸೋಡವನ್ನು ಇನ್ನು ಕರಗದು ಎನ್ನುವವರೆಗೆ ನೀರಿನಲ್ಲಿ ಕರಗಿಸಿ, ಸೋಸಿ, ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ಮೊದಲು ಗಂಜಿಯಂತಹ ಬಿಳಿ ಗಸಿ. ಬಾಟಲಿಯ ಬಾಯಿ ಬಿಗಿದು ತಂಪಾದ ಕಪಾಟಿನಲ್ಲಿಟ್ಟೆ; ಬಿಸಿ ಏರಿದರೆ ನೀರು ಕಡಿಮೆಯಿರುವ ಅದರ ದಾಯಾದಿ ಪಿರ್ಸೊನೈಟ್ ಆಗುವ ಭಯ. ದಿನಗಳು ಕಳೆದಂತೆ ಗಸಿ ಕುಗ್ಗಿ ತಳದಲ್ಲಿ ಮಿಣುಕುಗಳು ಕಂಡವು. ಸೂಕ್ಷ್ಮದರ್ಶಕದಡಿ ಒಂದು ಹರಳಿನ ಮೇಲೆ ನಲ್ಲಿನೀರಿನ ಹನಿ ಬಿಟ್ಟು ನೋಡುತ್ತಾ ಕುಳಿತೆ. ಮೊದಲು ಅಂಚು ಮಸುಕಾಯಿತು, ಆಮೇಲೆ ಮೈಯೆಲ್ಲ ಹಾಲಿನ ಬಣ್ಣಕ್ಕೆ ತಿರುಗಿತು. ಆಕಾರ ಮಾತ್ರ ಕದಲಲಿಲ್ಲ. ಓವನ್ನಿನ ತಟ್ಟೆಯಲ್ಲಿ ಕಂಡದ್ದು ಇದನ್ನೇ.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಕೆಸರು ಬಂದ ಕೂಡಲೇ ಹಸಿಯಾಗಿಯೇ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಹರಳಿಗೆ ಅಂಟಿದ ಮಣ್ಣನ್ನು ದಟ್ಟವಾದ ಸೋಡ ದ್ರಾವಣದಲ್ಲಿ ಅದ್ದಿದ ಕುಂಚದಿಂದ ಬಿಡಿಸಿ, ಒತ್ತುಕಾಗದದಿಂದ ತೇವ ಹೀರಿಸಿ, ತಡಮಾಡದೆ ಎಕ್ಸ್‌ರೇಗೆ ಕೊಡುತ್ತೇನೆ. ಆಮ್ಲದ ಹನಿಯನ್ನು ನಂಬಬೇಡಿ, ಕ್ಯಾಲ್ಸೈಟೂ ನೊರೆಯುಕ್ಕಿಸುತ್ತದೆ. ಜ್ವಾಲೆಯಲ್ಲಿ ಹಿಡಿದಾಗ ಸೋಡಿಯಮ್ಮಿನ ಗಾಢ ಹಳದಿ ಕಾಣಿಸಿದರೆ ಮುಂದಿನ ಪರೀಕ್ಷೆಗೆ ಹೋಗಬಹುದು. ಆದರೆ ಹರಳಿಗೆ ಅಂಟಿದ ಸೋಡವೂ ಅದೇ ಬಣ್ಣ ಕೊಡುವುದರಿಂದ ಒಳಗಿನ ಮುರಿದ ಚೂರನ್ನೇ ಹಿಡಿಯಬೇಕು.

ಇಷ್ಟು ಜೋಪಾನ ಯಾಕೆಂದರೆ, ಲೋಣಾರ್ ಕೆಸರಿನಲ್ಲಿ ಈ ಹರಳುಗಳಿರುವ ಪದರಗಳೇ ಬರದ ದಾಖಲೆ. ಇಂದಿಗೆ ಸುಮಾರು 4600ರಿಂದ 3900 ವರ್ಷಗಳ ಹಿಂದೆ ಒಮ್ಮೆ, 2000ದಿಂದ 600 ವರ್ಷಗಳ ಹಿಂದೆ ಮತ್ತೊಮ್ಮೆ ಮುಂಗಾರು ದೀರ್ಘಕಾಲ ಸೊರಗಿತ್ತೆಂದು ಸಂಶೋಧಕರು ಓದಿದ್ದು ಗೇಲುಸೈಟಿನಿಂದ. ನಾನು ತೊಳೆದುಬಿಟ್ಟ ತುಂಡಿನಲ್ಲಿ ಆ ಸಾಕ್ಷಿ ನೀರಿನ ಜೊತೆ ಸಿಂಕಿಗೆ ಹೋಯಿತು. ಎರಡನೇ ತುಂಡು ಕೇಳಿ ಪಡೆಯಲು ನನಗೆ ಒಂದು ವರ್ಷ ಹಿಡಿಯಿತು. ಅದರೊಳಗಿನ ಹರಳು ಇಂದಿಗೂ ತನ್ನ ಹಸಿ ಮಣ್ಣಿನಲ್ಲೇ, ಮುಚ್ಚಿದ ಬಾಟಲಿಯಲ್ಲಿ, ತಿಳಿಯಾಗಿ ಇದೆ.